ಖಾಲಿ ಬಿಟ್ಟ ಸಾಲು

ನಮ್ಮ ಮನೆಯಲ್ಲಿ ಅರ್ಜಿ ತುಂಬುವ ಅಧಿಕಾರ ನನ್ನದು. ಏಳನೆಯ ತರಗತಿಗೆ ಬಂದ ವರ್ಷವೇ ಈ ಅಧಿಕಾರ ನನ್ನ ಕೈಸೇರಿತು. ಅಪ್ಪನಿಗೆ ಸಹಿ ಹಾಕುವಷ್ಟು, ಅವ್ವನಿಗೆ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆಯಾದ್ದರಿಂದ, ಅದಕ್ಕೆ ಮಿಕ್ಕ ವಿದ್ಯೆಯ ಭಾರವೆಲ್ಲ ಮಗಳ ಮೇಲೆ ಬಿದ್ದದ್ದು ಸಹಜವೇ. ಕ್ರಮೇಣ ನಮ್ಮ ಬೀದಿಯ ಅರ್ಜಿಗಳೂ ನಮ್ಮ ಜಗಲಿಗೆ ಬರತೊಡಗಿದವು. ಪಡಿತರ ಚೀಟಿಗೊಂದು, ವೃದ್ಧಾಪ್ಯ ವೇತನಕ್ಕೊಂದು, ಬೆಳೆ ಪರಿಹಾರಕ್ಕೊಂದು, ಹೀಗೆ ಒಂದೊಂದಕ್ಕೂ ಒಂದೊಂದು ನಮೂನೆ. ಈ ಕಸುಬಿನಲ್ಲಿ ಪಳಗಿದ ಮೇಲೆ ನನಗೆ ಒಂದು ಸತ್ಯ ಹೊಳೆಯಿತು: ನಮೂನೆಯಲ್ಲಿ ಯಾವುದಕ್ಕೆ ಚುಕ್ಕೆಗಳ ಸಾಲು ಬಿಟ್ಟಿದೆಯೋ ಅದನ್ನು ಮಾತ್ರ ಕೇಳುವವರಿದ್ದಾರೆ. ಸಾಲು ಬಿಡದ ಸಂಗತಿ ಎಷ್ಟೇ ನಿಜವಾಗಿದ್ದರೂ ಅದನ್ನು ಅಂಚಿನಲ್ಲಿ ಬರೆಯಬೇಕು. ಅಂಚಿನಲ್ಲಿ ಬರೆದದ್ದನ್ನು ಓದುವ ಪದ್ಧತಿ ಲೋಕದಲ್ಲಿಲ್ಲ.

ಹೀಗೆ ಅನ್ಯರು ಮಾಡಿದ ನಮೂನೆಗಳನ್ನು ತುಂಬುತ್ತ, ಒಳಗೊಳಗೇ ಅವರನ್ನು ಬೈಯುತ್ತ ಬಂದ ನನಗೆ, ಈ ವರ್ಷ ಸ್ವತಃ ಒಂದು ನಮೂನೆಯನ್ನು ರಚಿಸಬೇಕಾದ ಪ್ರಸಂಗ ಒದಗಿತು. ಅದರಲ್ಲಿ ನಾನೂ ಅದೇ ತಪ್ಪನ್ನು ಮಾಡಿದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಥೆ ಗಣಕಯಂತ್ರಕ್ಕೆ ಸಂಬಂಧಿಸಿದ್ದಾದರೂ ವಾಚಕರು ಪುಟ ಮಗುಚಬೇಕಾಗಿಲ್ಲ. ನಾನೂ ಕಲಾ ವಿಭಾಗದವಳೇ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಾವು ಅಂತಿಮ ವರ್ಷದಲ್ಲಿ ಒಂದು ಕಿರುಯೋಜನೆಯನ್ನು ಒಪ್ಪಿಸಬೇಕು. ನಾನು ಆರಿಸಿಕೊಂಡದ್ದು ‘ನಮ್ಮೂರಿನ ಬೇಸಾಯದ ಮಾತುಗಳು’ ಎಂಬ ವಿಷಯವನ್ನು. ಆಯ್ಕೆಗೆ ಘನವಾದ ಕಾರಣವೇನೂ ಇರಲಿಲ್ಲ. ಗ್ರಂಥಾಲಯಕ್ಕೆ ಅಲೆಯದೆ, ಬಸ್ಸಿಗೆ ದುಡ್ಡು ಸುರಿಯದೆ, ಒಲೆಯ ಮುಂದೆ ಕುಳಿತೇ ಮುಗಿಸಬಹುದೆಂಬ ಆಸೆ. ನಮ್ಮದು ರಾಗಿಯ ಸೀಮೆ. ಕೂರಿಗೆ, ಕುಂಟೆ, ಅಕ್ಕಡಿ, ಮೇಟಿ, ರೋಣಗಲ್ಲು, ಬಣವೆ, ವಂದರಿ, ಹಗೇವು: ಇವೆಲ್ಲ ಅವ್ವನ ಬಾಯಲ್ಲಿ ಈಗಲೂ ಓಡಾಡುವ ಮಾತುಗಳು. ಆದರೆ ವಸ್ತುಗಳು ಒಂದೊಂದಾಗಿ ಹೊರಟುಹೋಗುತ್ತಿವೆ. ಹೊಲಕ್ಕೆ ಕೊಯ್ಲಿನ ಯಂತ್ರ ಬಂದಿತು. ಕಣ ಮಾಡುವವರು ಕಡಿಮೆಯಾಗಿ, ತೆನೆಯನ್ನು ಟಾರು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳಿಂದಲೇ ತುಳಿಸುವ ಉಪಾಯವೂ ಬಂದಿತು. ಕಣವಿಲ್ಲದ ಮೇಲೆ ಅದರ ನಡುವಿನ ಕಂಬವಾದ ಮೇಟಿಗೆ ಏನು ಕೆಲಸ? ನಮ್ಮ ಹಿತ್ತಿಲಿನ ರೋಣಗಲ್ಲು ಈಗ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ನಿವೃತ್ತ ಜೀವನ ನಡೆಸುತ್ತಿದೆ.

ಎರಡು ತಿಂಗಳಲ್ಲಿ 184 ಪದಗಳು ಕೂಡಿದವು. ಹೇಳಿದವರು ಮುಖ್ಯವಾಗಿ ಇಬ್ಬರು: ಅವ್ವ ಮತ್ತು ಆಚೆಮನೆಯ ತಾತ. ನಡುವೆ ನೀರಿಗೆ ಬಂದವರು, ಸಾಲ ಕೇಳಲು ಬಂದವರು, ಹಬ್ಬಕ್ಕೆ ಬಂದ ಸೋದರತ್ತೆಯರು ತಮಗೆ ತೋಚಿದ್ದನ್ನು ಸೇರಿಸಿದರು. ನಾನು ಒಂದು ನೂರು ಪುಟದ ನೋಟ್‌ಪುಸ್ತಕದಲ್ಲಿ ಎಡಗಡೆ ಪದವನ್ನೂ ಬಲಗಡೆ ಅರ್ಥವನ್ನೂ ಬರೆದುಕೊಂಡೆ. ಬೇರೇನನ್ನೂ ಬರೆದುಕೊಳ್ಳಲಿಲ್ಲ. ಈ ವಾಕ್ಯವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಮುಂದಿನ ಕೆಲಸ ಬೆರಳಚ್ಚು. ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು, ಎಲ್ಲರೂ ಮಾಡುವಂತೆಯೇ ನಾನೂ ಮಾಡಿದೆ. ಪದವನ್ನು ದಪ್ಪಗೆ ಮಾಡಿದೆ, ಅರ್ಥವನ್ನು ಖಾಲಿ ಜಾಗದ ಕೀಲಿ ಒತ್ತಿ ಒತ್ತಿ ಒಳಕ್ಕೆ ತಳ್ಳಿದೆ, ಪುಟ ಮುಗಿಸಬೇಕಾದಲ್ಲಿ ಎಂಟು ಹತ್ತು ಸಲ ಎಂಟರ್ ಕುಟ್ಟಿದೆ. ನೋಡಲು ಪುಟ ಸೊಗಸಾಗಿಯೇ ಇತ್ತು. ‘ಅಕ್ಷರ ಸ್ವಲ್ಪ ಸಣ್ಣದಾಯಿತು’ ಎಂದು ಗೆಳತಿಯೊಬ್ಬಳು ಹೇಳಿದಳೆಂದು ಅಕ್ಷರವನ್ನು ಒಂದು ಅಳತೆ ಹಿಗ್ಗಿಸಿದೆನೋ ಇಲ್ಲವೋ, 40 ಪುಟಗಳೂ ಗಾಳಿಗೆ ಸಿಕ್ಕಿದ ಹೊಟ್ಟಿನಂತೆ ಚೆಲ್ಲಾಪಿಲ್ಲಿಯಾದವು. ಪದ ಒಂದು ಪುಟದ ತಳದಲ್ಲಿ, ಅದರ ಅರ್ಥ ಮುಂದಿನ ಪುಟದ ತಲೆಯಲ್ಲಿ. ಒಂದು ಪದ ದಪ್ಪ, ಇನ್ನೊಂದು ತೆಳು. ಒಂದು ಭಾನುವಾರವೆಲ್ಲ ತೇಪೆ ಹಾಕಿದೆ. ಸೋಮವಾರ ನಾಲ್ಕು ಹೊಸ ಪದ ಸೇರಿಸಿದೊಡನೆ ತೇಪೆಗಳೆಲ್ಲ ಕಿತ್ತುಬಂದವು.

ಮಾರ್ಗದರ್ಶಕರಾದ ನಮ್ಮ ಅಧ್ಯಾಪಕರಿಗೆ ಈ ದುರವಸ್ಥೆಯನ್ನು ತೋರಿಸಿದಾಗ ಅವರು ನಕ್ಕು, “ನೋಡಮ್ಮ, ನೀನು ಯಂತ್ರಕ್ಕೆ ಬಟ್ಟೆ ತೋರಿಸಿದ್ದೀಯೆ, ಆಳನ್ನು ಪರಿಚಯ ಮಾಡಿಕೊಟ್ಟಿಲ್ಲ. ಇದು ದಪ್ಪ ಅಕ್ಷರ ಎಂದು ಹೇಳಿದ್ದೀಯೆ; ಇದು ಪದ ಎಂದು ಹೇಳಿಲ್ಲ” ಎಂದರು. ಅನಂತರ ‘ಲಿಕ್ಸ್’ ಎಂಬ ತಂತ್ರಾಂಶದ ಹೆಸರನ್ನು ಬರೆದುಕೊಟ್ಟರು. ಅದಕ್ಕೆ ಕಾಸು ಕೊಡಬೇಕಾಗಿಲ್ಲವೆಂಬುದು ನನಗೆ ಮೊದಲು ಹಿಡಿಸಿದ ಗುಣ.

ಈ ಲಿಕ್ಸಿನ ವಂಶಾವಳಿಯನ್ನು ಓದಿದಾಗ ನನಗೆ ಪುರಾಣ ಕೇಳಿದಷ್ಟು ಸಂತೋಷವಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಕ್ನೂತ್ ಎಂಬ ಪ್ರಾಧ್ಯಾಪಕರು ಗಣಕಶಾಸ್ತ್ರದ ಮೇಲೆ ಒಂದು ಮಹಾಗ್ರಂಥವನ್ನು ಸಂಪುಟ ಸಂಪುಟವಾಗಿ ಬರೆಯುತ್ತಿದ್ದರು. ಎರಡನೆಯ ಸಂಪುಟ 1969ರಲ್ಲಿ ಸೀಸದ ಅಚ್ಚುಮೊಳೆಗಳಲ್ಲಿ ಅಂದವಾಗಿ ಅಚ್ಚಾಗಿತ್ತು. 1977ರಲ್ಲಿ ಅದರ ಪರಿಷ್ಕೃತ ಆವೃತ್ತಿಯ ಕರಡಚ್ಚು ಹೊಸ ವಿಧಾನದಲ್ಲಿ ತಯಾರಾಗಿ ಬಂದಾಗ, ಅದರ ವಿಕಾರವನ್ನು ನೋಡಿ ಅವರಿಗೆ ಸಹಿಸಲಾಗಲಿಲ್ಲ. ನಮ್ಮಂಥವರಾದರೆ ಮುದ್ರಕರನ್ನು ಬೈದು ಸುಮ್ಮನಾಗುತ್ತಿದ್ದೆವು. ಅವರು ಗ್ರಂಥವನ್ನು ಪಕ್ಕಕ್ಕಿಟ್ಟು ಅಕ್ಷರ ಜೋಡಿಸುವ ತಂತ್ರಾಂಶವನ್ನೇ ಬರೆಯಲು ಕುಳಿತರು. ಬೇಗ ಮುಗಿದೀತೆಂದುಕೊಂಡ ಆ ಕೆಲಸ ಸುಮಾರು 10 ವರ್ಷ ಹಿಡಿಯಿತು. ಅದೇ ‘ಟೆಕ್’. ಅದರ ಆವೃತ್ತಿಯ ಸಂಖ್ಯೆ 3, 3.1, 3.14 ಎಂದು ಗಣಿತದ ‘ಪೈ’ಯ ಕಡೆಗೆ ಒಂದೊಂದೇ ಅಂಕೆ ಬೆಳೆಯುತ್ತ ಹೋಗುತ್ತದೆ; ಪರಿಪೂರ್ಣತೆಯ ಹತ್ತಿರ ಹೋಗಬಹುದು, ಮುಟ್ಟಲಾಗದು ಎಂಬ ವಿನಯ ಅದರಲ್ಲಿದೆಯೆಂದು ನಾನು ಅರ್ಥ ಮಾಡಿಕೊಂಡಿದ್ದೇನೆ. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬವರು ಟೆಕ್‌ನ ಮೇಲೆ ‘ಲೇಟೆಕ್’ ಎಂಬ ಮಹಡಿಯನ್ನು ಕಟ್ಟಿದರು. ‘ಇದು ಅಧ್ಯಾಯ’, ‘ಇದು ಉಪಶೀರ್ಷಿಕೆ’ ಎಂದು ಬರೆಯುವವರು ಹೆಸರಿಟ್ಟರೆ ಸಾಕು, ಅದರ ಉಡುಪನ್ನು ಬೇರೊಂದು ಕಡೆ ನಿರ್ಧರಿಸಬಹುದು ಎಂಬುದು ಅದರ ತತ್ತ್ವ. ಆದರೆ ಆ ಹೆಸರುಗಳನ್ನು ಹಿಂದೋರೆ ಗೆರೆ, ಸುರುಳಿ ಆವರಣಗಳ ಕಾಡಿನಲ್ಲಿ ಬರೆಯಬೇಕಾಗಿತ್ತು. 1995ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಎಂಬ ವಿದ್ಯಾರ್ಥಿ ಆ ಕಾಡಿಗೆ ಒಂದು ಕಾಲುದಾರಿ ಮಾಡಿದ. ಪರದೆಯ ಮೇಲೆ ಪಟ್ಟಿಯಿಂದ ಹೆಸರನ್ನು ಆರಿಸಿಕೊಂಡು ಬರೆಯುತ್ತ ಹೋದರೆ ಹಿಂದಿನ ಲೇಟೆಕ್ ಬರವಣಿಗೆಯನ್ನು ತಂತ್ರಾಂಶವೇ ಸಿದ್ಧಪಡಿಸುತ್ತದೆ. ಅದು ಲಿಕ್ಸ್. ನಮ್ಮ ಹಾಗೆ ಒಬ್ಬ ವಿದ್ಯಾರ್ಥಿ ಅದನ್ನು ಆರಂಭಿಸಿದನೆಂಬುದನ್ನು ಓದಿ ನನಗೆ ಧೈರ್ಯ ಬಂದಿತು.

ಲಿಕ್ಸಿನಲ್ಲಿ ಲೇಖನ, ಪುಸ್ತಕ, ಪತ್ರ ಇವುಗಳಿಗೆ ಸಿದ್ಧವಾದ ನಮೂನೆಗಳಿವೆ. ಅವನ್ನು ‘ಲೇಔಟ್’ ಎನ್ನುತ್ತಾರೆ. ರಾಗಿ ಸೀಮೆಯ ಪದಕೋಶಕ್ಕೆ ಯಾರೂ ಲೇಔಟ್ ಮಾಡಿಟ್ಟಿರಲಿಲ್ಲ. ಆದ್ದರಿಂದ ಅದನ್ನು ನಾನೇ ಮಾಡಬೇಕಾಯಿತು. ಮಾಡುವ ಕ್ರಮ ಭಯಪಡುವಂಥದ್ದೇನಲ್ಲ. ದಸ್ತಾವೇಜಿನ ಸೆಟ್ಟಿಂಗ್ಸ್ ಕಿಟಕಿಯಲ್ಲಿ ‘ಲೋಕಲ್ ಲೇಔಟ್’ ಎಂಬ ಒಂದು ಖಾಲಿ ಪೆಟ್ಟಿಗೆಯಿದೆ. ಅದರಲ್ಲಿ ‘ಸ್ಟೈಲ್’ ಎಂದು ಆರಂಭಿಸಿ ಒಂದು ಹೆಸರು ಕೊಡಬೇಕು. ಆ ಹೆಸರಿನ ಭಾಗ ಪರದೆಯ ಮೇಲೆ ಹೇಗೆ ಕಾಣಬೇಕು, ಅಂಚು ಎಷ್ಟು, ಮುಂದೆ ಯಾವ ಶೀರ್ಷಿಕೆ ತಾನಾಗಿ ಬರಬೇಕು ಎಂದು ಒಂದೊಂದು ಸಾಲಿನಲ್ಲಿ ಹೇಳಿ, ಕೊನೆಗೆ ‘ಎಂಡ್’ ಎಂದು ಮುಗಿಸಬೇಕು. ಕೆಳಗೊಂದು ಗುಂಡಿಯಿದೆ, ಒತ್ತಿದರೆ ನಮ್ಮ ಬರವಣಿಗೆ ಸಿಂಧುವೋ ಅಸಿಂಧುವೋ ಎಂದು ತೀರ್ಪು ಬರುತ್ತದೆ. ಸಿಂಧುವಾದರೆ ನಾವಿಟ್ಟ ಹೆಸರು ‘ಅಧ್ಯಾಯ’ ಮೊದಲಾದ ಕುಲೀನ ಹೆಸರುಗಳ ಪಕ್ಕದಲ್ಲೇ ಪಟ್ಟಿಯಲ್ಲಿ ಬಂದು ನಿಲ್ಲುತ್ತದೆ. ನಾನು ಕೊಟ್ಟ ‘ಪದ’, ‘ಅರ್ಥ’, ‘ಪ್ರಯೋಗ’ ಎಂಬ ಮೂರು ಹೆಸರುಗಳು ಆ ಪಟ್ಟಿಯಲ್ಲಿ ಕಾಣಿಸಿಕೊಂಡ ದಿನ ಹಾಸ್ಟೆಲಿನಲ್ಲಿ ನಾನು ಸ್ವಲ್ಪ ಜಂಭದಿಂದಲೇ ಓಡಾಡಿದೆನೆಂದು ಗೆಳತಿಯರು ಹೇಳುತ್ತಾರೆ.

ಜಂಭ ಬಹಳ ಹೊತ್ತು ಉಳಿಯಲಿಲ್ಲ. ಪರದೆಯ ಮೇಲೆ ‘ಪದ’ವನ್ನು ದಪ್ಪಗೆ, ಕೆಂಪಗೆ ಮಾಡಿದ್ದೆ. ಪಿಡಿಎಫ್ ತೆಗೆದಾಗ ಅದು ಎಲ್ಲರಂತೆ ತೆಳ್ಳಗೆ, ಕಪ್ಪಗೆ ನಿಂತಿತ್ತು. ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಲೇಔಟಿನಲ್ಲಿ ಹೇಳುವ ಬಣ್ಣ, ಗಾತ್ರಗಳು ಬರೆಯುವವರ ಕಣ್ಣಿನ ಅನುಕೂಲಕ್ಕೆ ಮಾತ್ರ; ಕಾಗದದ ಮೇಲೆ ಹೇಗೆ ಬರಬೇಕೆಂಬುದನ್ನು ಅದೇ ಹೆಸರಿಗೆ ಲೇಟೆಕ್ ಭಾಷೆಯಲ್ಲಿ ಬೇರೆಯಾಗಿ ವಿಧಿಸಬೇಕು. ಪರದೆಯಲ್ಲಿ ಕಂಡದ್ದು ಮಾತು ಕೊಟ್ಟ ಹಾಗೆ. ಕಾಗದಕ್ಕೆ ಬಂದದ್ದು ನಡೆಸಿಕೊಟ್ಟ ಹಾಗೆ. ಎರಡರ ನಡುವೆ ಅಂತರವಿರುವುದು ಗಣಕಯಂತ್ರದಲ್ಲಿ ಮಾತ್ರವೇ ಅಲ್ಲವಷ್ಟೆ.

ಆಮೇಲೆ ಕನ್ನಡದ ಸರದಿ. ಟೆಕ್‌ನ ಮೂಲ ಅಚ್ಚುಗಳಲ್ಲಿ ನಮ್ಮ ಲಿಪಿಯಿಲ್ಲ. 2004ರಲ್ಲಿ ಜೋನಾಥನ್ ಕ್ಯೂ ಎಂಬವರು ಹೊರತಂದ ‘ಝೀಟೆಕ್’ನಿಂದ ಯೂನಿಕೋಡ್ ಫಾಂಟುಗಳನ್ನು ನೇರವಾಗಿ ಬಳಸುವ ದಾರಿ ತೆರೆಯಿತು. ನಾನು ನೋಟೋ ಸೆರಿಫ್ ಕನ್ನಡ ಎಂಬ ಫಾಂಟನ್ನು ಆರಿಸಿದೆ. ಅಕ್ಷರಗಳೇನೋ ಬಂದವು, ಆದರೆ ‘ಅಕ್ಕಡಿ’ ಎಂಬುದು ‘ಅಕ್‌ಕಡಿ’ ಎಂದು ಬಂದಿತು. ಒತ್ತಕ್ಷರಗಳೆಲ್ಲ ಮುಷ್ಕರ ಹೂಡಿದ್ದವು. ಇದು ಕನ್ನಡ ಲಿಪಿ, ಇದರ ಕೂಡಿಕೆಯ ನಿಯಮಗಳನ್ನು ಅನುಸರಿಸು ಎಂದು ಫಾಂಟಿನ ಆಜ್ಞೆಯಲ್ಲಿ ಒಂದು ಮಾತು ಸೇರಿಸಿದ ಮೇಲೆ ‘ಕ’ದ ಕೆಳಗೆ ಒತ್ತು ವಿಧೇಯವಾಗಿ ಹೋಗಿ ಕುಳಿತಿತು. ಕುಳಿತದ್ದೇನೋ ಸರಿ, ಕೆಳಗಿನ ಸಾಲಿನ ತಲೆಯ ಮೇಲೆಯೇ ಕುಳಿತಂತಿತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕೆಳಗೂ ಮೇಲೂ ಹಬ್ಬುವ ನಮ್ಮ ಅಕ್ಷರಗಳಿಗೆ ಸಾಲದು. ಅದನ್ನು ಒಂದೂಕಾಲು ಪಾಲಿಗೆ ಏರಿಸಿದ ಮೇಲೆ ಪುಟ ಉಸಿರಾಡಿತು. ಪುಟದ ತಳದಲ್ಲಿ ಪದ ಒಂಟಿಯಾಗಿ ಉಳಿಯುವ ಹಳೆಯ ರೋಗಕ್ಕೂ ಮದ್ದಿತ್ತು. ಟೆಕ್ ಪುಟವನ್ನು ಎಲ್ಲಿ ಮುರಿಯಬೇಕೆಂಬುದನ್ನು ದಂಡ ಹಾಕಿ ನಿರ್ಧರಿಸುತ್ತದೆ. ಕೆಟ್ಟ ಜಾಗಕ್ಕೆ ಹೆಚ್ಚು ದಂಡ, ಒಳ್ಳೆಯ ಜಾಗಕ್ಕೆ ಕಡಿಮೆ. 10,000 ದಂಡವೆಂದರೆ ಅದರ ಲೆಕ್ಕದಲ್ಲಿ ಅನಂತ. ಅಲ್ಲಿ ಮುರಿಯುವುದೇ ಇಲ್ಲ. ಪದಕ್ಕೂ ಅರ್ಥಕ್ಕೂ ನಡುವೆ ಆ ದಂಡವನ್ನು ಒಮ್ಮೆ ವಿಧಿಸಿದೆ. 184 ಪದಗಳೂ ತಮ್ಮ ತಮ್ಮ ಅರ್ಥದೊಡನೆ ಒಂದೇ ಪುಟದಲ್ಲಿ ಸಂಸಾರ ಹೂಡಿದವು. ಅಕ್ಷರದ ಗಾತ್ರವನ್ನು ಬೇಕೆಂದೇ ಹಿಗ್ಗಿಸಿ ನೋಡಿದೆ. ಒಂದು ಕಾಳೂ ಚೆಲ್ಲಲಿಲ್ಲ.

ಸಂತೋಷದಿಂದ ಆ ಪುಟಗಳನ್ನು ಅಧ್ಯಾಪಕರ ಮುಂದಿಟ್ಟೆ. ಅವರು ಓದುತ್ತ ಬಂದು ‘ಅಕ್ಕಡಿ’ಯ ಬಳಿ ನಿಂತರು. ನಾನು ಹೀಗೆ ಬರೆದಿದ್ದೆ: ‘ರಾಗಿಯ ನಡುವೆ ಬಿತ್ತುವ ಸಾಲು, ಆ ಸಾಲಿನಲ್ಲಿ ಬೆಳೆಯುವ ಅವರೆ, ತೊಗರಿ, ಹುಚ್ಚೆಳ್ಳು ಮೊದಲಾದ ಕಾಳು.’

“ಸಾಲೋ, ಕಾಳೋ?” ಎಂದು ಕೇಳಿದರು.

“ಎರಡೂ ಅನ್ನುತ್ತಾರೆ ಸರ್.”

“ಯಾರು ಅನ್ನುತ್ತಾರೆ?”

ನಾನು ಮುಖಪುಟವನ್ನು ತೋರಿಸಿದೆ. ಅಲ್ಲಿ ‘ಗ್ರಾಮಸ್ಥರಿಂದ ಸಂಗ್ರಹಿಸಿದ್ದು’ ಎಂದು ಅಚ್ಚುಕಟ್ಟಾಗಿ ಬರೆದಿದ್ದೆ. ಅವರು ಏನೂ ಹೇಳದೆ ಎದ್ದು, ಗ್ರಂಥಾಲಯದಿಂದ ಕಿಟೆಲ್ ನಿಘಂಟನ್ನು ತರಿಸಿ ನನ್ನ ಮುಂದೆ ತೆರೆದಿಟ್ಟರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1894ರಲ್ಲಿ ಪ್ರಕಟಿಸಿದ ಗ್ರಂಥ. ಸುಮಾರು 70,000 ಪದಗಳು. ನಾನು ಅದನ್ನು ಮೊದಲೂ ನೋಡಿದ್ದೆ, ಅರ್ಥಕ್ಕಾಗಿ. ಅಂದು ಮೊದಲ ಬಾರಿಗೆ ಅದರ ಪುಟವನ್ನೇ ನೋಡಿದೆ. ಪದ ಕನ್ನಡ ಲಿಪಿಯಲ್ಲಿ, ಉಚ್ಚಾರಣೆ ರೋಮನ್ ಲಿಪಿಯಲ್ಲಿ, ಅರ್ಥ ಇಂಗ್ಲಿಷಿನಲ್ಲಿ, ಅದರ ಬೆನ್ನಿಗೆ ಆಧಾರವನ್ನು ಸೂಚಿಸುವ ಪುಟ್ಟ ಸಂಕ್ಷೇಪಾಕ್ಷರಗಳು. ಒಂದೊಂದೇ ಮೊಳೆಯನ್ನು ಕೈಯಿಂದ ಆಯುತ್ತಿದ್ದ ಕಾಲದಲ್ಲಿ, ಎಲ್ಲಿಂದ ತಂದೆವೆಂಬುದನ್ನು ಹೇಳುವುದಕ್ಕಾಗಿ ಅಷ್ಟು ಮೊಳೆಗಳನ್ನು ಖರ್ಚು ಮಾಡಿದ್ದರು. ನನ್ನಲ್ಲಿ ಮೊಳೆಯ ಖರ್ಚಿಲ್ಲ, ಕಾಸಿನ ಖರ್ಚಿಲ್ಲ. ಆದರೂ ನಾನು ಆ ಸಾಲನ್ನು ಬಿಟ್ಟಿರಲಿಲ್ಲ.

ಬಿಡದಿದ್ದುದಕ್ಕೆ ಕಾರಣವನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮರೆವು ಅರ್ಧ ಕಾರಣ. ಉಳಿದರ್ಧ, ಪ್ರತಿ ಪದದ ಕೆಳಗೂ ನನ್ನ ಅವ್ವನ ಹೆಸರೇ ಬಂದರೆ ‘ಇದೇನು, ಮನೆಯಲ್ಲೇ ಕುಳಿತು ಮಾಡಿದ ಸಂಶೋಧನೆ’ ಎಂದು ನಗುತ್ತಾರೆಂಬ ಭಯ. ‘ಗ್ರಾಮಸ್ಥರು’ ಎಂಬ ಮಾತಿಗೆ ಒಂದು ಘನತೆಯಿದೆ. ಅದಕ್ಕೆ ಮುಖವಿಲ್ಲ, ಮೈಯಲ್ಲಿ ಹೊಗೆಯ ವಾಸನೆಯಿಲ್ಲ.

ಆ ರಾತ್ರಿಯೇ ಲೇಔಟಿಗೆ ನಾಲ್ಕನೆಯ ಹೆಸರನ್ನು ಸೇರಿಸಿದೆ: ‘ಹೇಳಿದವರು’. ಆ ಮಾತು ಶೀರ್ಷಿಕೆಯಾಗಿ ತಾನಾಗಿಯೇ ಪರದೆಯ ಮೇಲೆ ಮೂಡುವಂತೆ ಮಾಡಿದೆ. ಮುಂದೆ ಹೆಸರನ್ನು ಬರೆಯಬೇಕು. ಶನಿವಾರ ಊರಿಗೆ ಹೋಗಿ, ನೋಟ್‌ಪುಸ್ತಕ ಹಿಡಿದು ಅವ್ವನೆದುರು ಕುಳಿತೆ. “ಅಕ್ಕಡಿ ಅಂದ್ರೆ ಏನವ್ವಾ?”

“ಅಕ್ಕಡಿ ಅಂದ್ರೆ ಕಾಳು ಕಣವ್ವ. ರಾಗಿ ಜೊತ್ಗೆ ಬರೋ ಅವ್ರೆ, ತೊಗ್ರಿ. ಉಪ್ಪು ಮೆಣ್ಸಿನ್ಕಾಯ್ಗೆ ಕಾಸಾಗೋದು ಅದ್ರಾಗೇ ಅಲ್ವಾ?”

ಹಾಗಾದರೆ ‘ಸಾಲು’ ಎಂದವರು ತಾತ. ಅದು ನನಗೆ ಚೆನ್ನಾಗಿ ನೆನಪಿತ್ತು. ಜಗಲಿಯ ಮೇಲೆ ಬೆರಳಿನಿಂದ ಗೆರೆ ಎಳೆದು, ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ ಎಂದು ತೋರಿಸಿದ್ದರು. ಆಗ ನನಗೆ ಬೆಳಕು ಹರಿಯಿತು. ತಾತ ಜೀವಮಾನವೆಲ್ಲ ಕೂರಿಗೆ ಹಿಡಿದವರು. ಅವರ ಕಣ್ಣಿಗೆ ಅಕ್ಕಡಿ ಎಂದರೆ ನೆಲದ ಮೇಲಿನ ಗೆರೆ. ಅವ್ವ ಮೊರ ಹಿಡಿದವಳು. ಅವಳ ಕಣ್ಣಿಗೆ ಅದು ಮಡಿಲಿಗೆ ಬರುವ ಕಾಳು. ನಾನು ಎರಡನ್ನೂ ಒಂದು ಅಲ್ಪವಿರಾಮ ಚಿಹ್ನೆಯಿಂದ ಹೊಲಿದು, ಇಬ್ಬರನ್ನೂ ಅಳಿಸಿಹಾಕಿದ್ದೆ. ಹೇಳಿದವರ ಹೆಸರು ಕೇವಲ ಉಪಕಾರಸ್ಮರಣೆಯಲ್ಲ, ಅದು ಅರ್ಥದ ಒಂದು ಭಾಗವೇ ಎಂದು ನನಗೆ ಗೊತ್ತಾದದ್ದು ಹೀಗೆ.

ತಾತನನ್ನು ಕೇಳಿ ಉಳಿದವನ್ನು ಗುರುತು ಮಾಡಿಕೊಳ್ಳೋಣವೆಂದರೆ, ತಾತ ದೀಪಾವಳಿಗೆ ಒಂದು ವಾರ ಮೊದಲು ತೀರಿಕೊಂಡಿದ್ದರು. ಹಗೇವಿನ ವಿಷಯ ಅವರು ಹೇಳಿದ್ದೆಂಬುದರಲ್ಲಿ ಅನುಮಾನವಿರಲಿಲ್ಲ. ರಾಗಿ ತುಂಬಿಟ್ಟ ಆ ನೆಲದ ಕಣಜದ ಬಾಯಿ ತೆರೆದ ಕೂಡಲೇ ಇಳಿಯಬಾರದು, ದೀಪ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಒಳಗೆ ಕೆಟ್ಟ ಗಾಳಿಯಿದೆಯೆಂದು ತಿಳಿಯಬೇಕೆಂದು ಅವರು ಹೇಳಿದ ದನಿ ಈಗಲೂ ಕಿವಿಯಲ್ಲಿದೆ. ಅವ್ವ ಗುರುತಿಸಿದ್ದು, ನಾನು ನೆನೆದದ್ದು, ಸೋದರತ್ತೆಯರಿಗೆ ಫೋನು ಮಾಡಿ ಕೇಳಿದ್ದು ಎಲ್ಲ ಸೇರಿ 173 ಪದಗಳಿಗೆ ಹೆಸರು ಸಿಕ್ಕಿತು. 11 ಪದಗಳಿಗೆ ಸಿಗಲಿಲ್ಲ. ತಾತ ಹೇಳಿದ್ದೋ, ನೀರಿಗೆ ಬಂದ ಯಾರೋ ಹೇಳಿದ್ದೋ ತಿಳಿಯದು.

ಆ 11ನ್ನು ಖಾಲಿ ಬಿಟ್ಟು ಮುಂದಕ್ಕೆ ಹೋದೆ. ಮರಳಿ ನೋಡಿದರೆ ‘ಹೇಳಿದವರು’ ಎಂಬ ಶೀರ್ಷಿಕೆಯೇ ಅಲ್ಲಿಂದ ಮಾಯವಾಗಿತ್ತು! ಇನ್ನೊಮ್ಮೆ ಸೇರಿಸಿದೆ, ಕರ್ಸರ್ ಅತ್ತ ಸರಿದೊಡನೆ ಇನ್ನೊಮ್ಮೆ ಮಾಯ. ಇದು ಲಿಕ್ಸಿನ ಸ್ವಭಾವವಂತೆ. ಎರಡು ಖಾಲಿ ಜಾಗಗಳನ್ನು ಒಟ್ಟಿಗೆ ಒತ್ತಲು ಅದು ಬಿಡುವುದಿಲ್ಲ; ಏನೂ ಬರೆಯದ ಪ್ಯಾರಾವನ್ನು ಉಳಿಸುವುದಿಲ್ಲ. ಖಾಲಿಯೆಂದರೆ ಅದಕ್ಕೆ ಕಸ. ಹೇಳದೆ ಕೇಳದೆ ಗುಡಿಸಿಹಾಕುತ್ತದೆ. ಹಿಂದೆ ಎಂಟರ್ ಕುಟ್ಟಿ ಕುಟ್ಟಿ ಪುಟ ಕೆಡಿಸಿದ್ದ ನನ್ನಂಥವರಿಗೆ ಈ ಶಿಸ್ತು ಒಳ್ಳೆಯದೇ. ಆದರೆ ಈಗ ಅದರ ಫಲವೇನಾಯಿತು? ಹೆಸರಿಲ್ಲದ 11 ಪದಗಳು ಏನೂ ಕೊರತೆಯಿಲ್ಲದವರಂತೆ, ಪದ, ಅರ್ಥ, ಪ್ರಯೋಗಗಳೊಡನೆ ಅಂದವಾಗಿ ನಿಂತವು. ಅಲ್ಲೊಂದು ಪ್ರಶ್ನೆಯನ್ನು ಕೇಳಬೇಕಾಗಿತ್ತು, ಕೇಳಲಿಲ್ಲ ಎಂಬುದರ ಗುರುತೂ ಉಳಿಯಲಿಲ್ಲ.

ಗೆಳತಿಯರು ಸುಲಭವಾದ ದಾರಿ ತೋರಿಸಿದರು. “ಹನ್ನೊಂದಕ್ಕೂ ತಾತನ ಹೆಸರು ಹಾಕಿಬಿಡೆ. ಬಂದು ಕೇಳುವವರು ಯಾರು?” ಕೇಳುವವರು ಇಲ್ಲವೆಂಬುದು ನಿಜ, ಅದೇ ನನ್ನನ್ನು ತಡೆದದ್ದು. ಬದುಕಿದ್ದಾಗ ಹೆಸರನ್ನು ಬರೆದುಕೊಳ್ಳಲಿಲ್ಲ, ಸತ್ತ ಮೇಲೆ ಹೇಳದ ಮಾತನ್ನು ಅವರ ಬಾಯಿಗೆ ತುರುಕುವುದೇ? ಇನ್ನೊಬ್ಬಳು, “ಹಾಗಾದರೆ ಸುಮ್ಮನೆ ಬಿಡು, ಲಿಕ್ಸೇ ಮುಚ್ಚಿಹಾಕುತ್ತದಲ್ಲ” ಎಂದಳು. ಪರೀಕ್ಷಕರು ಖಾಲಿ ಸಾಲುಗಳನ್ನು ಕಂಡರೆ ಕೆಲಸ ಅಪೂರ್ಣವೆಂದು ಅಂಕ ಕಳೆದಾರೆಂಬ ಭಯ ನನಗೂ ಇತ್ತು. ನಮ್ಮ ಮನೆಯಲ್ಲಿ ಪದವಿಯ ಅಂಕಪಟ್ಟಿಯನ್ನು ನೋಡಲಿರುವುದು ಇದೇ ಮೊದಲು. ಅದು ಚೆನ್ನಾಗಿರಲೆಂಬ ಆಸೆ ಯಾರಿಗಿಲ್ಲ?

ಎರಡು ದಿನ ಕಳೆದು, ಲಿಕ್ಸಿನ ಕೈಪಿಡಿಯಲ್ಲಿ ಒಂದು ಪುಟ್ಟ ಆಜ್ಞೆ ನನ್ನ ಕಣ್ಣಿಗೆ ಬಿತ್ತು: ‘ಕೀಪ್‌ಎಂಪ್ಟಿ’. ಅದರ ಮುಂದೆ 1 ಎಂದು ಬರೆದರೆ ಆ ಹೆಸರಿನ ಪ್ಯಾರಾ ಖಾಲಿಯಿದ್ದರೂ ಅಳಿಯುವುದಿಲ್ಲ. ಪತ್ರದ ನಮೂನೆಗಳಲ್ಲಿ, ತುಂಬಬೇಕಾದ ಜಾಗಗಳನ್ನು ಖಾಲಿಯಾಗಿಯೇ ತೋರಿಸಿಡುವುದಕ್ಕೆ ಅದನ್ನು ಮಾಡಿದ್ದಾರಂತೆ. ಇಷ್ಟು ದೊಡ್ಡ ತಂತ್ರಾಂಶದಲ್ಲಿ, ಖಾಲಿಯನ್ನು ಕಾಪಾಡುವುದಕ್ಕೆಂದೇ ಯಾರೋ ಒಂದು ಪದವನ್ನು ಇಟ್ಟಿದ್ದರು! ನಾನು ಆ ಒಂದು ಸಾಲನ್ನು ‘ಹೇಳಿದವರು’ ಎಂಬುದರ ಕೆಳಗೆ ಸೇರಿಸಿದೆ. ಕಾಗದದ ಕಡೆಯ ವಿಧಿಯಲ್ಲಿ, ಹೆಸರಿದ್ದರೆ ಹೆಸರನ್ನು ಅಚ್ಚಿಸು, ಇಲ್ಲದಿದ್ದರೆ ಸಾಲಿನ ಕೊನೆಯವರೆಗೆ ಚುಕ್ಕೆಗಳನ್ನು ಅಚ್ಚಿಸು ಎಂದು ಬರೆದೆ. ‘ಗ್ರಾಮಸ್ಥರಿಂದ’ ಎಂಬುದನ್ನು ಮುಖಪುಟದಿಂದ ತೆಗೆದೆ. ಮುನ್ನುಡಿಯಲ್ಲಿ, ಚುಕ್ಕೆಗಳಿರುವ ಕಡೆ ಹೇಳಿದವರ ಹೆಸರನ್ನು ಸಂಗ್ರಾಹಕಿ ಬರೆದುಕೊಂಡಿರಲಿಲ್ಲವೆಂದೂ ಆ ತಪ್ಪು ತನ್ನದೆಂದೂ ಎರಡು ವಾಕ್ಯ ಸೇರಿಸಿದೆ. ‘ಅಕ್ಕಡಿ’ಗೆ ಈಗ ಎರಡು ಅರ್ಥ, ಎರಡು ಹೆಸರು: ‘ಸಾಲು’ ಎಂಬುದರ ಕೆಳಗೆ ತಾತ, ‘ಕಾಳು’ ಎಂಬುದರ ಕೆಳಗೆ ಅವ್ವ.

ಎಷ್ಟು ಅಂಕ ಬಂದಿತೆಂಬುದು ಇಲ್ಲಿ ಅಪ್ರಸ್ತುತ. ಬಂದಿರುವುದನ್ನು ಮನೆಯವರಿಗೆ ತೋರಿಸಬಹುದು ಎಂದಷ್ಟು ಹೇಳಿದರೆ ಸಾಕು. ಪುಸ್ತಕದ ಒಂದು ಪ್ರತಿಯನ್ನು ಊರಿಗೆ ಒಯ್ದೆ. ಅವ್ವನ ಹೆಸರು ಅದುವರೆಗೆ ಅಚ್ಚಾಗಿದ್ದದ್ದು ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ, ಆಧಾರ್ ಕಾರ್ಡಿನಲ್ಲಿ. ಮೂರರಲ್ಲಿ ಮೂರು ಬಗೆಯ ಕಾಗುಣಿತ. ಇದರಲ್ಲಿ ಸರಿಯಾದ ಕಾಗುಣಿತದಲ್ಲಿ 90ಕ್ಕೂ ಹೆಚ್ಚು ಸಲ ಅಚ್ಚಾಗಿದೆ. ಬಸ್ಸಿನ ಬೋರ್ಡು ಓದುವ ಕ್ರಮದಲ್ಲೇ ಅವಳು ಬೆರಳಿಟ್ಟು ಒಂದೊಂದೇ ಪುಟವನ್ನು ಓದಿದಳು. ಹೆಸರು ಸಿಕ್ಕಿದಾಗ ಹಿಗ್ಗಿದಂತೇನೂ ಕಾಣಲಿಲ್ಲ. ಚುಕ್ಕೆಗಳು ಬಂದ ಕಡೆ ಮಾತ್ರ ಬೆರಳು ನಿಂತಿತು.

“ಇದ್ಯಾಕವ್ವ, ಅರ್ಜಿ ತುಂಬ್ದೆ ಹಂಗೇ ಬಿಟ್ಟಿದ್ದೀಯಾ?”

“ಅವು ಯಾರು ಹೇಳಿದ್ದು ಅಂತ ನಾನು ಕೇಳ್ದೆ ಬಿಟ್ಟಿದ್ದವ್ವ.”

ಅವಳು ಮತ್ತೊಮ್ಮೆ ಮೇಲಿನ ಪದವನ್ನು ಕೂಡಿಸಿ ಓದಿದಳು. ವಂದರಿ. ಸ್ವಲ್ಪ ಹೊತ್ತು ಯೋಚಿಸಿ, “ಇದು ನಿಮ್ ಸಣ್ಣತ್ತೆ ಹೇಳಿದ್ದಲ್ವಾ? ಹಬ್ಬದ ದಿನ ಹಿಟ್ಟು ಜರಡಿ ಹಿಡೀತಾ ಕುಂತಿದ್ಲು, ನೀನು ಪುಸ್ತ್ಕ ಹಿಡ್ಕಂಡು ಬಂದೆ” ಎಂದಳು. ನನಗೂ ಥಟ್ಟನೆ ನೆನಪಾಯಿತು. ಅಷ್ಟು ಸಲ ಕೇಳಿದಾಗ ಬಾರದ ನೆನಪು, ಖಾಲಿ ಸಾಲೊಂದು ಕಣ್ಣೆದುರು ಇದ್ದುದರಿಂದ ಬಂದಿತ್ತು. ಲಿಕ್ಸಿಗೆ ಬಿಟ್ಟಿದ್ದರೆ ಆ ಸಾಲೇ ಇರುತ್ತಿರಲಿಲ್ಲ. ಗೆಳತಿಯ ಮಾತು ಕೇಳಿದ್ದರೆ ಅಲ್ಲಿ ತಾತನ ಹೆಸರಿರುತ್ತಿತ್ತು.

ಪೆನ್ನು ತೆಗೆದು ಚುಕ್ಕೆಗಳ ಮೇಲೆ ಸಣ್ಣತ್ತೆಯ ಹೆಸರನ್ನು ಬರೆದೆ. ಇನ್ನು 10 ಸಾಲುಗಳು ಖಾಲಿ ಇವೆ.